ದೇವರ ಕೋಣೆ ಬಿಟ್ಟುಕೊಟ್ಟ ಅತ್ತೆ

"ಇಲ್ಲಿ ಹೊಸದಾಗಿ ಒಂದು ಕಲ್ಲೂ ಇಡ್ಲಿಕ್ಕಿಲ್ಲ. ಇದು ಬಸದಿಯ ಸಂರಕ್ಷಿತ ಪ್ರದೇಶ ಅಲ್ವಾ?" ಎಂದು ಪುರಾತತ್ವ ಇಲಾಖೆಯ ಅಧಿಕಾರಿ ಹೇಳಿದಾಗ ಕಾರ್ಕಳದ ನಮ್ಮ ಮನೆಯ ಹಿಂದೆ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಪಾರ್ಶ್ವವಾಯುವಿನಿಂದ ನಡೆಯಲಾಗದ ಅತ್ತೆಗಾಗಿ, ಅವರ ಕೋಣೆಗೆ ತಾಗಿಕೊಂಡು ಬಚ್ಚಲು ಕಟ್ಟಿಸುತ್ತಿದ್ದೆವು. ಅಂಗಳದಾಚೆಯ ಹಳೆಯ ಬಚ್ಚಲಿಗೆ ನಾನೂ ಗಂಡನೂ ಅವರನ್ನು ಎತ್ತಿಕೊಂಡೇ ಹೋಗಬೇಕಿತ್ತು.

ಗಂಡ ವಾದಕ್ಕಿಳಿದರು. "ಹೊರಗೆ ಆಗುವುದೇ ಇಲ್ಲ. ಒಳಗಿನ ರಿಪೇರಿಗಾದರೆ ಅನುಮತಿ ಕೇಳಿ ನೋಡಿ" ಎಂದರು ಅಧಿಕಾರಿ. ಒಳಗೆ ಜಾಗವೆಲ್ಲಿ? ಅತ್ತೆಯ ಕೋಣೆಯ ಪಕ್ಕದಲ್ಲಿದ್ದುದು ದೇವರ ಕೋಣೆ. ಸ್ನಾನ ಮಾಡದೆ ಅದರ ಹೊಸ್ತಿಲು ದಾಟಲು ಅವರು ಯಾರನ್ನೂ ಬಿಟ್ಟವರಲ್ಲ. ನಾವು ಆ ಮಾತೆತ್ತಲೇ ಇಲ್ಲ.

ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ನನ್ನನ್ನು ಕರೆದರು. "ದೇವರನ್ನು ಎದುರಿನ ಚಾವಡಿಗೆ ತಂದಿಡು ಮಗಾ. ಅವನಿಗೆ ಎಲ್ಲಿಯಾದರೂ ಆಗ್ತದೆ. ನನ್ನನ್ನು ಹೊತ್ತು ಹೊತ್ತು ನಿಮ್ಮ ಬೆನ್ನು ಹೋಗುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ." ಇಷ್ಟು ಹೇಳಿ ಆಚೆ ಮುಖ ತಿರುಗಿಸಿದರು.

ಅರ್ಧ ಗೋಡೆಯನ್ನು ನಾವೇ ಕೆಡವಿದೆವು. ಅನುಮತಿ ಸಿಕ್ಕಿ ದೇವರ ಕೋಣೆಯೇ ಬಚ್ಚಲಾಯಿತು. ಅತ್ತೆ ಕೊನೆಯವರೆಗೂ ಅಲ್ಲಿಯೇ ಸ್ನಾನ ಮಾಡಿದರು.

ಚಾವಡಿಯಲ್ಲಿ ದೇವರನ್ನು ಕಂಡ ನೆಂಟರು ಕಾರಣ ಕೇಳುತ್ತಾರೆ. ಬಸದಿಯ ಕಾನೂನು ಎನ್ನುತ್ತಾರೆ ಗಂಡ. ನಾನು ಅತ್ತೆಯ ಹೆಸರು ಹೇಳುತ್ತೇನೆ.