ಸಕ್ಕರೆ ಕಾಯಿಲೆ ಅಂತ ಹೇಳಿಬಿಟ್ಟೆ

ಹಗಲೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂತಿರುವಾಗ ಹೇಗೋ ನಡೆಯುತ್ತಿತ್ತು. ಕೊಳ್ಳೇಗಾಲದಿಂದ ಹನೂರು, ಹನೂರಿಂದ ಬಂಡಳ್ಳಿ, ಮತ್ತೆ ವಾಪಸ್ಸು. ಖಾಸಗಿ ಬಸ್ಸಿನ ಡ್ರೈವರಿಗೆ ಎಲ್ಲೆಂದರಲ್ಲಿ ಇಳಿಯಲು ಪುರುಸೊತ್ತೆಲ್ಲಿ, ಒಂದಕ್ಕೆ ಬಂದರೂ ತಡೆದುಕೊಂಡೇ ಅಭ್ಯಾಸ. ರಾತ್ರಿ ಮಲಗಿದ ಮೇಲೆ ಶುರುವಾಗುತ್ತಿತ್ತು ನೋಡಿ ಅದರ ಕಾಟ. ಕಿಬ್ಬೊಟ್ಟೆಯಲ್ಲಿ ಭಾರ, ಕೂರುವ ಜಾಗದಲ್ಲಿ ಒಳಗೊಳಗೇ ನೋವು, ಈಗ ಹೋಗದಿದ್ದರೆ ಹಾಸಿಗೆಯಲ್ಲೇ ಆಗಿಬಿಡುತ್ತದೇನೋ ಅನ್ನುವಂಥ ಅವಸರ. ಓಡಿ ಹೋಗಿ ನಿಂತರೆ ನಾಲ್ಕು ಹನಿ, ಅದೂ ಉರಿ. ಬಂದು ಮಲಗಿ ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಅದೇ.

ಡಾಕ್ಟರ ಹತ್ತಿರ ಒಬ್ಬನೇ ಹೋದೆ. ಪ್ರಾಸ್ಟೇಟ್ ಅಂತ ಒಂದು ಗ್ರಂಥಿ, ಗಂಡಸರಿಗೆ ಮಾತ್ರ ಇರುವುದು, ಅದಕ್ಕೆ ಸೋಂಕಾಗಿ ಊದಿದೆ ಅಂದರು. ಮಾತ್ರೆ ಬರೆದರು. ಕತ್ತಲಾದ ಮೇಲೆ ನೀರು, ಟೀ ಕಮ್ಮಿ ಮಾಡಿ, ಮಲಗುವ ಮುಂಚೆ ಅಗಲವಾದ ಟಬ್ಬಿನಲ್ಲಿ ಹದವಾದ ಬಿಸಿನೀರು ಹಾಕಿಕೊಂಡು ಸೊಂಟ ಮುಳುಗುವ ಹಾಗೆ ಕೂತುಕೊಳ್ಳಿ ಅಂದರು. ಇಷ್ಟೇ. ಇಷ್ಟನ್ನು ಮನೆಗೆ ಬಂದು ಹೆಂಡತಿಗೆ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಎಲ್ಲಿ ಊದಿದೆ ಅಂತ ಕೇಳಿದರೆ ಏನು ಹೇಳಲಿ? ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಗೊತ್ತಾದರೆ ಇನ್ನೊಂದು ಅರ್ಥ ಕಟ್ಟುತ್ತಾರೆ. ನಮ್ಮಂಥ ಡ್ರೈವರುಗಳ ಮೇಲೆ ಅಂಥ ಮಾತು ಬೇಗ ಅಂಟುತ್ತದೆ.

"ಡಾಕ್ಟ್ರು ಏನಂದ್ರು?" ಅಂತ ಅವಳು ಬಾಗಿಲಲ್ಲೇ ಕೇಳಿದಳು.

"ಸಕ್ರೆ ಕಣಮ್ಮಿ. ಈಗ ಶುರುವಾಗೈತಂತೆ," ಅಂದುಬಿಟ್ಟೆ.

ಸಕ್ಕರೆ ಕಾಯಿಲೆ ಮರ್ಯಾದಸ್ಥರ ಕಾಯಿಲೆ. ಬೀದಿಯಲ್ಲಿ ಯಾರಿಗಿಲ್ಲ ಹೇಳಿ, ರಾತ್ರಿ ಎದ್ದೆದ್ದು ಹೋಗುವುದಕ್ಕೂ ಸರಿಹೊಂದುತ್ತದೆ. ಭಾರಿ ಬುದ್ಧಿವಂತ ನಾನು ಅಂದುಕೊಂಡೆ. ಅವಳ ಮುಖ ಬಿಳಿಚಿಕೊಂಡದ್ದನ್ನು ಕಂಡೆ, ಆದರೂ ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ತವರೂರು ಅಗರದಲ್ಲಿ ಅವಳ ಅಪ್ಪನಿಗೂ ಇದೇ ಸಕ್ಕರೆ. ಮರಗಟ್ಟಿದ ಪಾದಕ್ಕೆ ಬಿಸಿನೀರು ಸುಟ್ಟದ್ದು ತಿಳಿಯದೆ, ಗಾಯ ಕೊಳೆತು, ಕೊನೆಗೆ ಮೊಣಕಾಲಿನವರೆಗೆ ಕಾಲು ತೆಗೆಸಬೇಕಾಯಿತು. ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆಸ್ಪತ್ರೆಯಲ್ಲಿ ಅವರನ್ನು ಎತ್ತಿ ಕೂರಿಸಿದವನೇ ನಾನು. ಆ ಹೊತ್ತಿನಲ್ಲಿ ನನ್ನ ಮಾನ ಮಾತ್ರ ನೆನಪಿತ್ತು, ಮಾವನ ಕಾಲು ನೆನಪಾಗಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಅವತ್ತಿನಿಂದ ಮನೆಯಲ್ಲಿ ಬೆಲ್ಲದ ಡಬ್ಬ ಕಾಣೆ. ನಾನು ತಿನ್ನಬಾರದ್ದನ್ನು ತಾನೂ ತಿನ್ನುವುದಿಲ್ಲ ಅಂತ ಟೀಯನ್ನೂ ಸಪ್ಪೆಯಾಗಿ ಕುಡಿದಳು. ಮಲಗುವ ಮುಂಚೆ ಮೆಂತ್ಯ ನೆನೆಸಿದ ನೀರನ್ನು ದೊಡ್ಡ ಚೊಂಬಿನಲ್ಲಿ ತಂದು ನಿಲ್ಲುತ್ತಿದ್ದಳು. ಡಾಕ್ಟರು ಬೇಡ ಅಂದ ಹೊತ್ತಿನಲ್ಲೇ! ಗಟಗಟ ಕುಡಿಯುತ್ತಿದ್ದೆ, ಒಲ್ಲೆ ಅಂದರೆ ಕಾರಣ ಹೇಳಬೇಕಲ್ಲ. ಒಂದು ದಿನ ಸೊಂಟನೋವಿನ ನೆಪ ಹೇಳಿ ಟಬ್ಬಿಗೆ ಬಿಸಿನೀರು ಸುರಿದುಕೊಂಡೆ. ಓಡಿ ಬಂದು ಟಬ್ಬನ್ನೇ ಬೋರಲು ಹಾಕಿದಳು.

"ನಮ್ಮಪ್ಪನ್ ಕಾಲು ಓಗಿದ್ದು ಎಂಗೆ ಅಂತ ಮರ್ತೋಯ್ತಾ ನಿಮ್ಗೆ? ಬಿಸ್ನೀರ್ಗೆ ಕಾಲಿಕ್ಕಿದ್ರೆ ನನ್ನಾಣೆ!"

"ಸುಮ್ನಿರಮ್ಮಿ, ಅತಿಯಾಡ್ಬೇಡ," ಅಂತ ರೇಗಿದೆ. ರೇಗುವುದು ನನಗೆ ಸುಲಭ. ರಾತ್ರಿ ನಾನು ಎದ್ದಾಗಲೆಲ್ಲ ಅವಳೂ ಎದ್ದು ಲೈಟು ಹಾಕುತ್ತಿದ್ದಳು. ನಾನು ಮಲಗಿದ ಮೇಲೆ ಪಾದ ತಿರುಗಿಸಿ ಬೆರಳ ಸಂದಿಯಲ್ಲಿ ಗಾಯ ಹುಡುಕುತ್ತಿದ್ದಳು. ನಿದ್ದೆ ಬಂದವನ ಹಾಗೆ ಬಿದ್ದಿರುತ್ತಿದ್ದೆ. ಕಣ್ಣು ಬಿಟ್ಟು ನಿಜ ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ ತಿಂಗಳುಗಳು ಕಳೆದವು. ಮುಗಿದ ಮಾತ್ರೆಯನ್ನು ಮತ್ತೆ ತರಲಿಲ್ಲ, ಕಾಯಿಲೆ ಜೋರಾಯಿತು.

ಕೊನೆಗೊಂದು ಬೆಳಿಗ್ಗೆ ಜ್ವರ ಬಂದು ನಡುಗುತ್ತಿದ್ದಾಗ ಅವಳೇ ಆಟೋ ಕರೆಸಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ, "ದಿನಾ ಬಿಸಿನೀರಲ್ಲಿ ಕೂರ್ತಾ ಇದ್ದೀರಿ ತಾನೇ?" ಅಂದರು.

"ಸಕ್ರೆ ಇರೋರು ಬಿಸ್ನೀರಲ್ಲಿ ಕೂತ್ಕಬೌದಾ ಸಾ?" ಅಂತ ಅವಳು ಕೇಳಿದಳು.

"ಯಾರಿಗಮ್ಮ ಸಕ್ಕರೆ? ಇವರಿಗೆ ಸಕ್ಕರೆ ಗಿಕ್ಕರೆ ಏನೂ ಇಲ್ಲ."

ಬೈಯುತ್ತಾಳೆ ಅಂತ ಕಾದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳುತ್ತಾಳೋ ನಗುತ್ತಾಳೋ ತಿಳಿಯದ ಹಾಗೆ, "ಅಂಗಾರೆ ಕಾಲು ಓಗಾಕಿಲ್ವಾ ಸಾ? ನಿಜ್ವಾಗ್ಲೂ ಓಗಾಕಿಲ್ವಾ?" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಾಕ್ಟರು ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದರು. ನಾಚಿಕೊಳ್ಳುವಂಥ ಕಾಯಿಲೆಯಲ್ಲ, ಹೇಳಿದ ಹಾಗೆ ನಡೆದುಕೊಂಡರೆ ಹಿಡಿತಕ್ಕೆ ಬರುತ್ತದೆ ಅಂದರು. ಅವಳು ತಲೆಯಾಡಿಸುತ್ತಾ ಕೇಳಿದಳು.

ಮಾತ್ರೆಯ ಚೀಟಿ ಕೈಗೆ ಬಂದ ಮೇಲೂ ಅವಳು ಕದಲಲಿಲ್ಲ. ದನಿ ತಗ್ಗಿಸಿ, "ಸಾ, ನಂಗೂ ಒಂದು ಐತೆ. ಒಟ್ಟೆ ಕೆಳ್ಗೆ ನೋವು. ಮುಟ್ಟು ನಿಂತೋಗಿ ವರ್ಸಗಳೇ ಆಗೈತೆ, ಈಗ ಮತ್ತೆ ಬಟ್ಟೇಲಿ ರಕ್ತ ಕಾಣುಸ್ತದೆ," ಅಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವಾಗಿಂದಮ್ಮ? ಯಾಕೆ ಬರಲಿಲ್ಲ?"

"ಇವ್ರು ಸಕ್ರೆ ಅಂತ ಬಂದು ಯೋಳುದ್ರಲ್ಲ, ಅದಾದ್ ವಾರದಿಂದ. ಇವ್ರದೇ ದೊಡ್ದಾಗಿರೋವಾಗ ನಂದೇನು ಯೋಳೋದು ಅಂತ ಸುಮ್ನಿದ್ದೆ ಸಾ."