ಬಿಷಪ್ಪರ ‘ಹೋಗ್ತೀನಿ’

ಎರಡು ಸಾವಿರದ ಇಸವಿ ಕಾಲಿಟ್ಟ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಜಗತ್ತೇ ಹೆದರಿದ್ದ ಕಾಲ. ಅವುಗಳನ್ನು ಸರಿಮಾಡಲು ನನ್ನವರನ್ನು ಮೈಸೂರಿನಿಂದ ಜಪಾನಿಗೆ ಕಳಿಸಿದರು. ಹಿಂದೆಯೇ ನಾನೂ ನಾಲ್ಕು ವರ್ಷದ ಮಗಳೂ ಯೋಕೋಹಾಮಾಕ್ಕೆ ಬಂದೆವು. ಇವರು ಬೆಳಗ್ಗೆ ಟ್ರೈನಿಗೆ ಓಡುವ ಭರದಲ್ಲಿ "ಹೋಗ್ತೀನಿ" ಎಂದು ಬಾಗಿಲೆಳೆದುಕೊಳ್ಳುತ್ತಿದ್ದರು. ನನಗೋ ಕೋಪ ಮೂಗಿನ ತುದಿಯಲ್ಲೇ.

"ಹೋಗ್ತೀನಿ ಅನ್ಬಾರ್ದು! ಹೋಗ್ ಬರ್ತೀನಿ ಅನ್ಬೇಕು! ಜಪಾನಿನೋರೂ ಇತ್ತೆಕಿಮಾಸು, ಹೋಗ್ ಬರ್ತೀನಿ ಅಂತಾನೇ ಹೇಳೋದು. ನಿಮಗೇನು ಬಂದಿದೆ?" ಎಂದು ಮೆಟ್ಟಿಲವರೆಗೂ ಹೋಗಿ ಕೂಗುತ್ತಿದ್ದೆ.

ಮಗಳದು ಬೇರೆಯೇ ಕಥೆ. ಮನೆಯೊಳಗೆ ಅರಳು ಹುರಿದ ಹಾಗೆ ಮಾತನಾಡುವವಳು ಶೂ ಹಾಕಿಕೊಂಡರೆ ಬಾಯಿಗೆ ಬೀಗ. "ಮಾತು ಬೆಳ್ಳಿ, ಮೌನ ಬಂಗಾರ, ಬಿಡೇ" ಎಂದು ಇವರು ನಗುತ್ತಿದ್ದರು. ಬಂಗಾರ ನನಗೆ ಸಾಕಾಗಿಹೋಗಿತ್ತು.

ಅವಳು ಹೋಗುತ್ತಿದ್ದುದು ಆಂಗ್ಲಿಕನ್ ಚರ್ಚೊಂದರ ಶಿಶುವಿಹಾರಕ್ಕೆ. ಚಳಿಗಾಲದಲ್ಲಿ ಅಲ್ಲಿನ ದೊಡ್ಡ ಟೀಚರು ನನ್ನನ್ನು ಕರೆದು, ಏಪ್ರಿಲ್‌ನಲ್ಲಿ ಮುಂದಿನ ತರಗತಿ, ಯಾವ ಭಾಷೆಯಲ್ಲೂ ಬಾಯಿ ಬಿಡದ ಮಗುವನ್ನು ಸೇರಿಸಿಕೊಳ್ಳುವುದು "ಚೊತ್ತೊ..." ಎಂದು ತಲೆ ವಾಲಿಸಿದರು. ಚೊತ್ತೊ ಎಂದರೆ ಸ್ವಲ್ಪ. ಜಪಾನಿನಲ್ಲಿ ಸ್ವಲ್ಪ ಎಂದು ಅಲ್ಲಿಗೇ ನಿಲ್ಲಿಸಿದರೆ ಆಗುವುದೇ ಇಲ್ಲ ಎಂದರ್ಥ.

ಆ ಚರ್ಚಿನಲ್ಲಿ ಒಬ್ಬ ಇಂಗ್ಲಿಷ್ ಬಿಷಪ್ಪರಿದ್ದರು. ಹರೆಯದಲ್ಲಿ ಮಿಷನರಿಯಾಗಿ ಕೋಲಾರದ ಕಡೆ ಹಳ್ಳಿಹಳ್ಳಿಗೆ ಸೈಕಲ್ ತುಳಿದವರು. ಆಮೇಲೆ ಜಪಾನಿಗೆ ಬಂದು, ಇಲ್ಲೇ ಬಿಷಪ್ಪರಾಗಿ, ಇಲ್ಲೇ ಮುದುಕರಾದವರು. ಹೆಂಡತಿಯನ್ನು ಯೋಕೋಹಾಮಾದ ಗುಡ್ಡದ ಮೇಲೆ ಮಣ್ಣು ಮಾಡಿದ್ದರು. ಗೇಟಿನಲ್ಲಿ ನಾನು ಮಗಳನ್ನು ಗದರುತ್ತಿದ್ದಾಗ ಹಿಂದಿನಿಂದ, "ಯಾಕವ್ವಾ ಮಗೀನ ಬೈತೀಯ? ಊಟ ಆಯ್ತಾ?" ಎಂದ ದನಿ ಕೇಳಿ ಕೈಯಲ್ಲಿದ್ದ ಛತ್ರಿ ಬಿಟ್ಟುಬಿಟ್ಟೆ.

ಪಾದ್ರಿಗಳ ಸಹವಾಸ, ಹುಷಾರು ಎಂದು ಅತ್ತೆ ಫೋನಿನಲ್ಲಿ ಹೆದರಿಸಿದ್ದರು. ನಾನು ನೇರವಾಗಿಯೇ ಕೇಳಿದೆ: "ನನ್ನ ಮಗಳನ್ನ ಕನ್ವರ್ಟ್ ಮಾಡ್ತೀರಾ?"

"ಜಪಾನಿನೋರೇ ನನ್ನ ಕನ್ವರ್ಟ್ ಮಾಡವ್ರೆ, ಹೆಂಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತೀನಿ ನೋಡು!" ಎಂದು ನಕ್ಕರು.

ಅಂದಿನಿಂದ ವಾರವಾರವೂ ಮಗಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ಕೋಲಾರದಲ್ಲಿ ತಮ್ಮ ಟೋಪಿ ತಿಂದ ಮೇಕೆಯ ಕಥೆ ಹೇಳುತ್ತಿದ್ದರು. ಅವಳು ಕಣ್ಣರಳಿಸಿ ಕೇಳುವಳು, ತುಟಿ ಮಾತ್ರ ಬಿಚ್ಚಳು.

ಮಾರ್ಚ್‌ನಲ್ಲಿ ಶಿಶುವಿಹಾರದ ಆ ವರ್ಷದ ಕೊನೆಯ ದಿನ ಬಂತು. ಬಿಷಪ್ಪರ ಹೃದಯ ಕಾಯಿಲೆಯಿಂದ ಸೋತಿತ್ತು. ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಹೊರಟಿದ್ದರು. ಮಕ್ಕಳು ಸಾಲಾಗಿ ನಿಂತರು. ದೊಡ್ಡ ಟೀಚರ ಕಣ್ಣೆಲ್ಲ ನನ್ನ ಮಗಳ ಮೇಲೆ. ಇವತ್ತು ಬಾಯಿ ಬಿಡದಿದ್ದರೆ ಇನ್ನಿಲ್ಲ ಎಂದು ನಾನು ಸೆರಗನ್ನು ಹಿಂಡುತ್ತಾ ನಿಂತಿದ್ದೆ.

ಬಿಷಪ್ಪರು ಅವಳ ಮುಂದೆ ಬಗ್ಗಿ, "ಹೋಗ್ತೀನಿ ಕೂಸೇ" ಎಂದರು.

ಅವಳ ಮುಖ ಕೆಂಪಾಯಿತು. "ಹೋಗ್ತೀನಿ ಅನ್ಬಾರ್ದು!" ಹಾಲ್ ಪೂರ್ತಿ ಕೇಳುವಂತೆ ಕಿರುಚಿದಳು. "ಹೋಗ್ ಬರ್ತೀನಿ ಅನ್ಬೇಕು!"

ಥೇಟ್ ನನ್ನದೇ ಬೈಗುಳ. ಟೀಚರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಬಿಷಪ್ಪರು ನಗಲಿಲ್ಲ.

"ಗೊತ್ತು ಕಣವ್ವಾ. ನಂಗೆ ಬರಕ್ಕಾಗಲ್ಲ. ಸುಳ್ಳು ಹೇಳಬಾರ್ದಲ್ವಾ?"

"ಅನ್ನಿ!" ಅವಳು ಅವರ ಕೋಟು ಹಿಡಿದುಕೊಂಡಳು. ಈಗ ಬಿಷಪ್ಪರು ಇಲ್ಲವೆಂದರೆ ಆ ಬಾಯಿ ಮತ್ತೆ ಮುಚ್ಚಿಹೋಗುತ್ತದೆ ಎಂದು ಹೆದರಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕೈ ಮುಗಿದೆ. ಅವರು ಕಣ್ಣು ಮುಚ್ಚಿ ತೆರೆದರು.

"ಹೋಗಿ ಬರ್ತೀನಿ," ಎಂದರು.

"ಹೋಗ್ಬನ್ನಿ," ಎಂದು ಕೋಟು ಬಿಟ್ಟಳು.

ಏಪ್ರಿಲ್‌ನಲ್ಲಿ ಅವಳನ್ನು ಸೇರಿಸಿಕೊಂಡರು. ಮೊದಮೊದಲು ಕನ್ನಡದಲ್ಲೇ ಎಲ್ಲರನ್ನೂ ಬೈದಳು. ಬರಬರುತ್ತಾ ಜಪಾನಿಯೂ ಬಂತು.

ಮರುವರ್ಷ ಟೀಚರು ನಮ್ಮನ್ನು ಗುಡ್ಡಕ್ಕೆ ಕರೆದರು. ಬಿಷಪ್ಪರು ತೀರಿಕೊಂಡಿದ್ದರು. ಹೆಂಡತಿಯ ಪಕ್ಕದಲ್ಲೇ ಇಡಿ ಎಂದು ಹೇಳಿಟ್ಟಿದ್ದರಂತೆ. ಅವರ ಬೂದಿ ಪುಟ್ಟ ಮರದ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನಿಂದ ಬಂದಿತ್ತು. ಅದರಲ್ಲಿ ಯಾರಿದ್ದಾರೆ ಎಂದು ನಾನು ಮಗಳಿಗೆ ಮೆಲ್ಲಗೆ ಹೇಳಿದೆ.

ಅವಳು ಅತ್ತಾಳೆಂದುಕೊಂಡಿದ್ದೆ. ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ, "ಬಂದ್ರಾ?" ಎಂದಳು.