ಸದ್ದು ಮಾಡದ ಕಾಯಿ

ಮಂಗಳೂರಿನ ಕಡಲು ನೋಡಲೆಂದು ಅರಸೀಕೆರೆಯಿಂದ ಸೈಕಲ್ ಹತ್ತಿದವನು, ಹಳೇಬೀಡು ಮುಟ್ಟುವ ಮೊದಲೇ ನೀರು ಮುಗಿದು ಒಂದು ತೋಟದ ಮನೆಯ ಮುಂದೆ ನಿಂತೆ. ಬಾಟಲಿ ತುಂಬಿಸಿಕೊಟ್ಟ ಆ ಮನೆಯ ಗಿರಿಜಕ್ಕ ಮತ್ತೆ ಜಗಲಿಯಲ್ಲಿ ಕುಳಿತು, ವರ್ಷದಿಂದ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲುಗಿಸತೊಡಗಿದರು. ಕೊಬ್ಬರಿಯಾದದ್ದು ಒಡೆಯುವ ರಾಶಿಗೆ, ಆಗದ್ದು ಮತ್ತೆ ಅಟ್ಟಕ್ಕೆ.

ಅಟ್ಟಕ್ಕೆ ಹೋಗಬೇಕಾದ ಒಂದನ್ನು ನಾನೂ ಅಲುಗಿಸಿದೆ. ಸದ್ದೇ ಇಲ್ಲ.

“ನೀರೇ ಇಲ್ಲವಲ್ಲ, ಒಣಗಿದೆ ತಾನೇ?” ಎಂದೆ.

“ನೀರ್ ಸುಮ್ಕಾದ್ರೆ ಸಾಲ್ದು ಕಣಪ್ಪ. ಕೊಬ್ರಿ ಚಿಪ್ಪು ಬಿಟ್ಟು ಗಡಗಡ ಅನ್ಬೇಕು.”

“ಒಡೆದು ನೋಡದೆ ಹೇಗೆ ಹೇಳ್ತೀರಿ? ಇದು ಬರೀ ನಂಬಿಕೆ.” ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ಮಾತಿಗೆ ಎದುರಾಳಿಗಳು ತಡವರಿಸುತ್ತಿದ್ದರು.

ಗಿರಿಜಕ್ಕ ತಡವರಿಸಲಿಲ್ಲ. ಮಚ್ಚನ್ನು ನನ್ನ ಕೈಗಿಟ್ಟು, “ಓದ್ದೋರ್ಗೆ ಒಡುದ್ರೇನೇ ಗೊತ್ತಾಗಾದು. ಒಡಿ. ತಿರ್ಗ ಕೂಡ್ಸಿಕೊಡು ಅಂತ ಕೇಳಾಕಿಲ್ಲ” ಎಂದರು.

ಒಡೆದೆ. ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿತ್ತು. ಇಡೀ ಉಂಡೆಯಾಗಿ ಹೊರಬರಬೇಕಾದದ್ದು ಚಿಪ್ಪಿನ ಜೊತೆಯೇ ಮೂರು ಹೋಳಾಯಿತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಸಾಕಿತ್ತಂತೆ.

“ಒಂದ್ ವರ್ಸ ಕಾದಿದ್ದೆ ಇದುಕ್ಕೆ. ಹೋಗ್ಲಿ, ದಾರೀಲಿ ತಿನ್ಕಂಡೋಗು” ಎಂದು ಹೋಳುಗಳನ್ನು ನನ್ನ ಚೀಲಕ್ಕೆ ಹಾಕಿದರು.

ಒಂದೇ ಕಾಯಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬ ವಾದ ನನ್ನ ನಾಲಗೆಯ ತುದಿಯಲ್ಲಿತ್ತು. ಅದು ಸರಿಯಾದ ವಾದವೇ, ಈಗಲೂ ಬಿಟ್ಟುಕೊಡಲಾರೆ. ಆದರೆ ಒಡೆಯಲು ಎರಡನೆಯ ಕಾಯಿ ಕೇಳಲು ಬಾಯಿ ಬರಲಿಲ್ಲ. ಮಚ್ಚನ್ನು ಮೆಲ್ಲಗೆ ಅವರತ್ತ ಸರಿಸಿದೆ.